ಲೆಕ್ಕದ ಮೇಷ್ಟ್ರ ಹೊಸ ಕಣ್ಣು

ಬಲಗಣ್ಣು ಚೆನ್ನಾಗಿ ಕಾಣತೊಡಗಿದ್ದೇ ಲೆಕ್ಕದ ಮೇಷ್ಟ್ರಿಗೆ ತಲೆನೋವಾಯಿತು.

ಶಾಲೆಯ ಗೋಡೆಗೆ ಸುಣ್ಣ ಹೊಡೆಯುವಾಗ “ಅಲ್ಲಿ ಬಿಟ್ಟುಹೋಯ್ತು ನೋಡಯ್ಯಾ” ಎಂದು ಕೆಳಗೆ ನಿಂತು ಕತ್ತೆತ್ತಿದ ಮೇಷ್ಟ್ರ ಬಲಗಣ್ಣಿಗೇ ಸುಣ್ಣ ಬಿದ್ದು, ಕಾರ್ನಿಯಾ ಸುಟ್ಟು, ಮಂಜು ಹಿಡಿದ ಗಾಜಿನಂತೆ ಮಂಕಾಗಿತ್ತು. ಡಾಕ್ಟರು ಒಳ್ಳೆಯ ಎಡಗಣ್ಣಿನ ಅಂಚಿನಿಂದ ಎಳ್ಳುಕಾಳಷ್ಟು ಚೂರು ತೆಗೆದು, ಅದರ ಸ್ಟೆಮ್ ಸೆಲ್‌ಗಳನ್ನು ಲ್ಯಾಬಿನಲ್ಲಿ ಸಸಿ ಬೆಳೆಸಿದಂತೆ ಬೆಳೆಸಿ, ಬಲಗಣ್ಣಿಗೆ ನಾಟಿ ಮಾಡಿದ್ದರು. ಇವತ್ತು ಬೆಳಿಗ್ಗೆ ಎದ್ದು ನೋಡಿದರೆ ಗಡಿಯಾರದ ಮುಳ್ಳಷ್ಟೇ ಅಲ್ಲ, ಅದರ ಮೇಲೆ ಕೂತ ನೊಣದ ಮೀಸೆಯೂ ಕಾಣುತ್ತಿದೆ!

ಆದರೆ ಪರೀಕ್ಷೆ ಈಗಷ್ಟೇ ಮುಗಿದಿತ್ತು. ಕಣ್ಣು ಕೆಟ್ಟಾಗಿನಿಂದ ಅವರ ಉತ್ತರಪತ್ರಿಕೆಗಳನ್ನು ಉಳಿದವರೇ ಹಂಚಿಕೊಂಡು ತಿದ್ದುತ್ತಿದ್ದರು. ಕಾಣುತ್ತದೆ ಎಂದುಬಿಟ್ಟರೆ ಆ ಆನೆಗಾತ್ರದ ಕಟ್ಟು ತಮ್ಮ ಮೇಜಿಗೇ. ಇದೊಂದು ಸಲ ತಪ್ಪಿಸಿಕೊಂಡರೆ ಸಾಕೆಂದು ಕರಿ ಕನ್ನಡಕ ಏರಿಸಿ ಸ್ಟಾಫ್ ರೂಮಿಗೆ ಬಂದರು.

ವಿಜ್ಞಾನದ ಮೇಡಂ ಬಾಗಿಲಲ್ಲೇ ಹಿಡಿದರು. “ಸಾರ್, ಕಾಣುತ್ತಾ? ಇದೆಷ್ಟು ಬೆರಳು?”

“ಬೆರಳಾ? ಬಾಳೆಹಣ್ಣಿನ ಚಿಪ್ಪು ಅಂದ್ಕೊಂಡೆ.”

“ಅಯ್ಯೋ! ಎಡಗಣ್ಣಾದ್ರೂ?”

“ಅದರಿಂದ ಚೂರು ಕಿತ್ಕೊಂಡ್ರಲ್ಲ, ಅದೂ ಮುನಿಸ್ಕೊಂಡಿದೆ.”

ಡ್ರಿಲ್ ಮಾಸ್ತರರಿಗೆ ಅನುಮಾನ. ಕುರ್ಚಿಯ ಮೇಲೆ ತೆರೆದ ಇಂಕ್‌ಪ್ಯಾಡ್ ಇಟ್ಟು, “ಕೂತ್ಕೊಳ್ಳಿ ಸಾರ್, ಸುಸ್ತಾಗಿರ್ತೀರ” ಎಂದರು. ಮೇಷ್ಟ್ರಿಗೆ ಪ್ಯಾಡು ಕಂಡಿತು, ಮಾಸ್ತರರ ಮೀಸೆಯಡಿಯ ನಗುವೂ ಕಂಡಿತು. ಬಿಳಿ ಪ್ಯಾಂಟನ್ನು ಮನಸ್ಸಿನಲ್ಲೇ ಬೀಳ್ಕೊಟ್ಟು ಕೂತರು.

ಊಟದ ಹೊತ್ತಿಗೆ ಅದೇ ಮಾಸ್ತರರು ಹಸಿಮೆಣಸಿನಕಾಯಿ ಚಾಚಿದರು. “ಬೀನ್ಸು ಸಾರ್, ಎಳೇದು.”

ಮೇಷ್ಟ್ರು ಅಗಿದರು. “ಹೌದ್ರೀ, ಎಳೇದು” ಎಂದರು. ಕನ್ನಡಕದ ಕೆಳಗಿಂದ ಧಾರೆ ಇಳಿಯಿತು.

“ಥೂ, ಏನ್ರೀ ನೀವು! ಅಳ್ತಿದಾರೆ ಪಾಪ” ಎಂದು ವಿಜ್ಞಾನದ ಮೇಡಂ ಸಿಡುಕಿದರು. ಮಾಸ್ತರರ ಮುಖ ಸಣ್ಣಗಾಯಿತು. “ತಪ್ಪಾಯ್ತು ಸಾರ್. ಈಗ ನಂಬಿದೆ.”

ಗೆದ್ದೆ ಎಂದುಕೊಳ್ಳುವಷ್ಟರಲ್ಲಿ ಹೆಡ್‌ಮೇಡಂ ಕರೆಸಿದರು.

“ಸಾರ್, ನಿಮಗೆ ಕಣ್ಣು ಬರೋ ಖುಷಿಗೆ ಒಂದು ಉಡುಗೊರೆ ಇರ್ಲಿ ಅಂತ ನಿಮ್ಮ ಕಟ್ಟನ್ನ ಇವರೆಲ್ಲ ಸೇರಿ ನಿನ್ನೇನೇ ತಿದ್ದಿ ಮುಗಿಸಿದ್ರು. ವಾರ ಪೂರ್ತಿ ರಜೆ ಕೊಟ್ಟು, ಹೊಸ ಕಣ್ಣಲ್ಲಿ ನಾಲ್ಕು ಊರು ನೋಡ್ಕೊಂಡು ಬನ್ನಿ ಅನ್ನೋಣ ಅಂತಿದ್ದೆ.”

ಮೇಷ್ಟ್ರ ಕೈ ತಾನಾಗಿ ಕನ್ನಡಕಕ್ಕೆ ಹೋಯಿತು. “ಮೇಡಂ, ಈಗೀಗ ಸ್ವಲ್ಪ... ಕಾಣೋ ಹಾಗೆ...”

“ಬೇಡಿ ಸಾರ್, ನಮ್ಮ ಸಮಾಧಾನಕ್ಕೆ ಹೇಳ್ಬೇಡಿ. ಬೆಳಗಿಂದ ನೋಡ್ತಾನೇ ಇದೀವಲ್ಲ!” ಹೆಡ್‌ಮೇಡಂ ಕಣ್ಣೊರೆಸಿಕೊಂಡರು. “ಆ ರಜೆ ಡ್ರಿಲ್ ಮಾಸ್ತರರು ತಗೊಳ್ಳಲಿ. ನಿಮಗೆ ಕಣ್ಣೇ ಬೇಡದ ಕೆಲಸ ಕೊಡ್ತೀನಿ. ಸುಮ್ನೆ ಕೂತು ಕೇಳಿದ್ರಾಯ್ತು. ಮಗ್ಗಿ ಬಾಯಿಪಾಠದ ಪರೀಕ್ಷೆ. ಇಡೀ ಶಾಲೇದು.”

ಮೇಷ್ಟ್ರು ವರಾಂಡದಲ್ಲಿ ಕುರ್ಚಿ ಹಾಕಿಕೊಂಡು ಕೂತರು. ಮೊದಲನೆಯವನು ಕೈ ಕಟ್ಟಿ, ಕಣ್ಣು ಮುಚ್ಚಿ, ಗಂಟಲು ಹರಿಯುವಂತೆ ಶುರುಮಾಡಿದ. “ಎರಡೊಂದ್ಲಿ ಎರಡು! ಎರಡೆರಡ್ಲಿ ನಾಲ್ಕು!” ಅವನ ಹಿಂದೆ ಸಾಲು ಮೈದಾನ ದಾಟಿ ಗೇಟಿನವರೆಗೂ ಹೋಗಿತ್ತು. ಹೊಸ ಕಣ್ಣಿಗೆ ಕಟ್ಟಕಡೆಯ ಹುಡುಗಿಯ ಜಡೆಯ ರಿಬ್ಬನ್ನೂ ನಿಚ್ಚಳವಾಗಿ ಕಾಣುತ್ತಿತ್ತು.