ನನ್ನ ಕಂಠವೂ ಭಾಮೈದನ ಟೊಮ್ಯಾಟೊವೂ

ನಮ್ಮ ಕಂಠ ಚೆನ್ನಾಗಿದೆಯೆಂದು ನಾವೇ ಹೇಳಿಕೊಳ್ಳಬಾರದು, ಒಪ್ಪಿದೆ. ಆದರೆ ಬೇರೆ ಯಾರೂ ಹೇಳದಿದ್ದರೆ ಮನುಷ್ಯ ಏನು ಮಾಡಬೇಕು? ನಾನು ಸುಲ್ತಾನ್‌ಪೇಟೆಯ ಲಗ್ನಪತ್ರಿಕೆ ಅಂಗಡಿಯೊಂದರಲ್ಲಿ ಕರಡು ತಿದ್ದುವವನು. ಅಚ್ಚಿಗೆ ಹೋಗುವ ಮೊದಲು ಪತ್ರಿಕೆಯನ್ನು ಮದುವೆ ಮನೆಯವರ ಮುಂದೆ ಗಟ್ಟಿಯಾಗಿ ಓದುವುದು ನಮ್ಮಲ್ಲಿ ಪದ್ಧತಿ. ಯಾವ ಸೋದರಮಾವನ ಹೆಸರು ಬಿಟ್ಟುಹೋಗಿದೆ ಎಂಬುದು ಕಣ್ಣಿಗಿಂತ ಕಿವಿಗೆ ಬೇಗ ಗೊತ್ತಾಗುತ್ತದೆ. ಹಾಗೆ ಓದುತ್ತಿದ್ದಾಗ, ತನ್ನ ಮದುವೆಯ ಪತ್ರಿಕೆಗೆ ಬಂದಿದ್ದ ಹುಡುಗಿಯೊಬ್ಬಳು, "ಸರ್, ನಿಮ್ಮ ವಾಯ್ಸ್ ನಮ್ ಕಂಪನಿಗೆ ಬೇಕು" ಎಂದಳು. ಇಪ್ಪತ್ತೆಂಟು ವರ್ಷದ ದಾಂಪತ್ಯದಲ್ಲಿ ನನ್ನ ದನಿ ಬೇಕೆಂದು ಯಾರೂ ಅಂದಿರಲಿಲ್ಲ. ಉಬ್ಬಿಹೋದೆ.

ಅವಳ ಕಂಪನಿ ಸಣ್ಣ ರೈತರಿಗಾಗಿ ಫೋನಿನಲ್ಲಿ ಮಾತಾಡುವ ಕೃತಕ ಬುದ್ಧಿಮತ್ತೆಯೊಂದನ್ನು ತಯಾರಿಸಿತ್ತು. ಮಳೆ ಯಾವಾಗ, ರೋಗ ಯಾವುದು, ಏನು ಸಿಂಪಡಿಸಬೇಕು, ಎಲ್ಲ ಅದಕ್ಕೆ ಗೊತ್ತು. ಇಲ್ಲದ್ದು ಕಂಠ ಒಂದೇ. ಬಸವನಗುಡಿಯ ಅವರ ಆಫೀಸಿನಲ್ಲಿ ಎರಡು ದಿನ ಕೂತು ಪುಟಗಟ್ಟಲೆ ಓದಿದೆ. ಅಭ್ಯಾಸಬಲ ನೋಡಿ, ಎಲೆಚುಕ್ಕೆ ರೋಗವನ್ನೂ ಶುಭವಾರ್ತೆಯ ಹಾಗೆ ಓದುತ್ತಿದ್ದೆನಂತೆ. ಮೂರು ಸಲ ತಿದ್ದಿಸಿದರು. ಆಮೇಲೆ ಯಂತ್ರ ನನ್ನ ಹಂಗಿಲ್ಲದೆ ನನ್ನ ದನಿಯಲ್ಲೇ ಮಾತಾಡತೊಡಗಿತು, ನಾನು ತ್ಯಾಗರಾಜನಗರದ ನಮ್ಮ ಬೀದಿಯಲ್ಲಿ ಕೃಷಿ ವಿಜ್ಞಾನಿಯಂತೆ ಓಡಾಡತೊಡಗಿದೆ. ನಮ್ಮ ಮನೆಯಲ್ಲಿ ಮಣ್ಣಿರುವುದು ಒಂದು ಕರಿಬೇವಿನ ಕುಂಡದಲ್ಲಿ ಮಾತ್ರ. ಅದಕ್ಕೂ ನೀರು ಹಾಕುವವಳು ಹೆಂಡತಿ.

ಅವಳ ತಮ್ಮ ಶಿವಣ್ಣ ಮಾಗಡಿ ಕಡೆ ಒಂದೂವರೆ ಎಕರೆಯಲ್ಲಿ ಬೇಸಾಯ ಮಾಡುತ್ತಾನೆ. ಅವನನ್ನೂ ಈ ಸೇವೆಗೆ ಸೇರಿಸಿದೆ. ದನಿ ನನ್ನದೆಂದು ಮಾತ್ರ ಹೇಳಲಿಲ್ಲ. ಕೇಳಿ ದಂಗಾಗಲಿ ಎಂಬ ಆಸೆ. ಆ ಸಲ ಅವನು ಅರ್ಧ ಎಕರೆಗೆ ಟೊಮ್ಯಾಟೊ ಹಾಕಿದ್ದ. ಮಗಳನ್ನು ಕಾಲೇಜಿಗೆ ಸೇರಿಸುವುದು ಆ ಬೆಳೆಯ ಮೇಲೇ ನಿಂತಿತ್ತು. ಮೊದಲ ಕೊಯ್ಲಿನ ಹೊತ್ತಿಗೆ ಫೋನು ನನ್ನ ದನಿಯಲ್ಲಿ ಹೇಳಿತು: ನಾಳೆ ಜೋರು ಮಳೆ, ಬಣ್ಣ ತಿರುಗಿದ್ದನ್ನೆಲ್ಲ ಇವತ್ತೇ ಕೀಳಿ. ಶಿವಣ್ಣ ಕೀಳಲಿಲ್ಲ. ಮಳೆ ಹೊಡೆದು ಹಣ್ಣೆಲ್ಲ ಬಿರುಕು ಬಿಟ್ಟವು. ಭಾನುವಾರ ಅಂಥ ಹಣ್ಣನ್ನೇ ಒಂದು ಚೀಲ ಹೊತ್ತುಕೊಂಡು ನಮ್ಮ ಮನೆಗೆ ಬಂದ.

"ಅಷ್ಟು ಸ್ಪಷ್ಟವಾಗಿ ಹೇಳಿತ್ತಲ್ಲೋ" ಎಂದೆ.

"ಹೇಳಿದ್ದು ನೀವಲ್ವಾ ಭಾವ? ದನಿ ಗೊತ್ತಾಗಲ್ವಾ ನಂಗೆ? ಮದ್ವೆ ಆದ ಹೊಸ್ದರಲ್ಲಿ ಕಳೆ ಕೀಳ್ತೀನಿ ಅಂತ ಹೊಲಕ್ಕಿಳಿದು, ರಾಗಿ ಪೈರು ಕಿತ್ತಾಕಿ ಕಳೆ ಉಳಿಸಿದೋರು ನೀವು. ನೀವು ಕೀಳು ಅಂದ್ರೆ ನಾನ್ ಕೀಳ್ತೀನಾ?"

"ಅದು ನಾನಲ್ಲ ಕಣೋ, ಯಂತ್ರ."

"ಯಂತ್ರ ಅಂತ ಮೊದ್ಲೇ ಹೇಳ್ಬಾರ್ದಿತ್ತಾ? ಕೇಳ್ತಿದ್ದೆ" ಎಂದ.

ನಗುವ ಮಾತೇ. ಆದರೆ ಅವನು ನಗಲಿಲ್ಲ, ನನಗೆ ನಿಜವಾಗಿ ನಾಚಿಕೆಯಾಯಿತು. ಗಿಡದಲ್ಲಿ ಇನ್ನೂ ಅರ್ಧ ಫಸಲು ಕಾಯಾಗಿ ಉಳಿದಿತ್ತು. ಅದಾದರೂ ಅವನ ಕೈಗೆ ಸಿಗಬೇಕು. ಮರುದಿನವೇ ಕಂಪನಿಗೆ ಹೋಗಿ, ಇದು ಯಂತ್ರವೆಂದು ಮೊದಲೇ ಸಾರಿಬಿಡಿ ಎಂದು ಕೇಳಿಕೊಂಡೆ. ಒಳ್ಳೆಯ ಸಲಹೆ ಎಂದರು. ಅದನ್ನೂ ನನ್ನ ಕೈಯಲ್ಲೇ ಓದಿಸಿದರು: "ಇದು ಯಂತ್ರದ ದನಿ. ಇದರಲ್ಲಿ ಯಾವ ವ್ಯಕ್ತಿಯ ಅಭಿಪ್ರಾಯವೂ ಇಲ್ಲ."

ಹತ್ತು ದಿನದಲ್ಲಿ ಮತ್ತೆ ಮಳೆಯ ಎಚ್ಚರಿಕೆ ಹೋಯಿತು, ನನ್ನ ಫೋನಿಗೂ ಬಂತು. ಬೆಳಿಗ್ಗೆಯೇ ಶಿವಣ್ಣನ ಫೋನು. "ಕೇಳ್ದೆ ಭಾವ. ನಾನಲ್ಲ ನಾನಲ್ಲ ಅಂತ ಎಷ್ಟ್ ಕಷ್ಟಪಡ್ತೀರಾ ಪಾಪ. ಅಕ್ಕನ್ ಕೈಗೆ ಕೊಡಿ."

ಹೆಂಡತಿ ಸೌಟು ಹಿಡಿದುಕೊಂಡೇ ಬಂದಳು. "ನಾಳೆ ಮಳೆಯಂತೆ ಕಣೋ. ಸುಮ್ನೆ ಎಲ್ಲಾ ಕಿತ್ಬಿಡು" ಎಂದು ಫೋನಿಟ್ಟಳು. ಮಳೆಯ ಸುದ್ದಿಯನ್ನು ಅವಳಿಗೆ ಹೇಳಿದವನು ನಾನು, ನನಗೆ ಹೇಳಿದ್ದು ಯಂತ್ರ. ಶಿವಣ್ಣ ಆಳುಗಳನ್ನು ಕರೆದು ಸಂಜೆಯೊಳಗೆ ಎಲ್ಲವನ್ನೂ ಕಿತ್ತ. ಮಳೆ ಬರುವಷ್ಟರಲ್ಲಿ ಹಣ್ಣು ಮಾರ್ಕೆಟ್ ಸೇರಿತ್ತು. ಮಗಳು ಕಾಲೇಜು ಸೇರಿದಳು.

ಇದನ್ನು ಹೆಮ್ಮೆಯಿಂದ ಕಂಪನಿಯವರ ಮುಂದೆ ಹೇಳಿದ್ದು ನನ್ನ ತಪ್ಪು. ಈಗ ಮೈಕು ನಮ್ಮ ನಡುಮನೆಗೇ ಬಂದಿದೆ, ಓದುತ್ತಿರುವವಳು ಹೆಂಡತಿ. ನನ್ನನ್ನೂ ಕೈಬಿಟ್ಟಿಲ್ಲ, ಎರಡು ಕೆಲಸ ಕೊಟ್ಟಿದ್ದಾರೆ: ಕುಕ್ಕರ್ ಕೂಗದಂತೆ ನೋಡಿಕೊಳ್ಳುವುದು, ನಾನು ಬಾಯಿ ಬಿಡದಿರುವುದು. ಮೊದಲನೆಯದನ್ನು ಚೆನ್ನಾಗಿ ಮಾಡುತ್ತಿದ್ದೇನಂತೆ.