ನಾನು ಬೆಸೆದ ಟ್ರಂಪೆಟ್

ಇನ್ನು ಮೇಲೆ ಈ ಮನೆಯ ಯಾವ ಸಾಮಾನೂ ರಿಪೇರಿ ಅಂಗಡಿಯ ಮೆಟ್ಟಿಲು ಹತ್ತಕೂಡದು, ಎಲ್ಲವನ್ನೂ ನಾನೇ ಸರಿಮಾಡುತ್ತೇನೆ ಎಂದು ಆ ಬೆಳಿಗ್ಗೆ ಘೋಷಿಸಿಬಿಟ್ಟೆ! ಕಾರಣ, ವಾದ್ಯ ರಿಪೇರಿಯವನ ದುರಹಂಕಾರ. ನಗರಸಭೆಯ ಬ್ಯಾಂಡಿನ ಹಿಂದಿನ ಸಾಲಿನಲ್ಲೇ ಊದಿ ಊದಿ ತಲೆ ನರೆಸಿಕೊಂಡ ನಮ್ಮ ಯಜಮಾನರಿಗೆ ಅಂದು ಸಂಜೆ ಪಾರ್ಕಿನಲ್ಲಿ ಮೊಟ್ಟಮೊದಲ ಬಾರಿಗೆ ಮುಂದೆ ನಿಂತು ಒಬ್ಬರೇ ನುಡಿಸುವ ಯೋಗ ಬಂದಿತ್ತು. ಟ್ರಂಪೆಟ್ಟಿನ ಕೊಳವೆಗಳನ್ನು ಹಿಡಿದಿಡುವ ಪುಟ್ಟ ಹಿತ್ತಾಳೆ ಪಟ್ಟಿ ಅವತ್ತೇ ಕಳಚಿ ಬೀಳಬೇಕೆ? ಓಡಿಹೋಗಿ ಕೇಳಿದರೆ ಆ ಮಹಾಶಯ ತಲೆಯನ್ನೂ ಎತ್ತದೆ "ನಾಡಿದ್ದು ಬನ್ನಿ" ಎಂದ.

"ನಾಡಿದ್ದು ಬಂದು ನಿಮ್ಮೊಬ್ಬರಿಗೇ ಊದಿ ತೋರಿಸೋದಾ?" ಎಂದು ಜಾಡಿಸಿ ಮನೆಗೆ ಬಂದೆ.

"ಹೋಗ್ಲಿ ಬಿಡೇ, ಯಾರದ್ದಾದ್ರೂ ಹಳೇದು ಎರವಲು ತರ್ತೀನಿ," ಎಂದರು ಯಜಮಾನರು.

"ಎರವಲಾ! ಕೆಟ್ಟು ಕೂತಿದ್ದ ರೇಡಿಯೋಗೆ ತಂತಿ ಬೆಸೆದು ಹಾಡಿಸಿದ್ದು ಯಾರ್ರೀ?"

"ನೀನೇ. ಹಾಡ್ತು, ನಿಜ. ಆಮೇಲೆ ಆಫ್ ಆಗ್ಲೇ ಇಲ್ಲ."

ಇಂಥ ಮಾತುಗಳನ್ನು ನಾನು ಕಿವಿಗೆ ಹಾಕಿಕೊಳ್ಳುವುದಿಲ್ಲ. ರೇಡಿಯೋ ಬೆಸೆದ ಅದೇ ಸಾಲ್ಡರ್ ತಂತಿ, ಅದೇ ಕಾಯುವ ಕಡ್ಡಿ ಹಿಡಿದು ಕೂತೆ. ಸಾಲ್ಡರ್ ಕರಗಿತು, ಗುಂಡಗಾಯಿತು, ಹಿತ್ತಾಳೆಯ ಮೇಲಿಂದ ಜಾರಿ ನನ್ನ ಮಡಿಲಿಗೆ ಬಿತ್ತು! ಅಷ್ಟು ದಪ್ಪ ಹಿತ್ತಾಳೆಗೆ ಆ ಕಡ್ಡಿಯ ಕಾವು ಎಲ್ಲಿ ಸಾಲಬೇಕು? ಸಿಟ್ಟಿನಿಂದ ಎದ್ದು ಹಾರ್ಡ್‌ವೇರ್ ಅಂಗಡಿಗೆ ನುಗ್ಗಿದೆ.

"ಒಂದು ಸಾಲ್ಡರ್, ಅದು ಲೋಹಕ್ಕೆ ಹಿಡಿಯೋ ಹಾಗೆ ಮೊದಲು ಸವರೋ ಫ್ಲಕ್ಸ್ ಒಂದು, ಬೆಂಕಿ ಉಗುಳೋ ಟಾರ್ಚೊಂದು ಕೊಡಿ."

ಅಂಗಡಿಯವರು ವಿಚಾರಣೆಯನ್ನೇ ಶುರು ಮಾಡಿದರು. "ಯಾವ ಲೋಹಕ್ಕಮ್ಮಾ? ಕರೆಂಟಿನ ತಂತಿಗಾದ್ರೆ ರಾಳದ ಫ್ಲಕ್ಸು. ಹಿತ್ತಾಳೆಗಾದ್ರೆ ಈ ಆಸಿಡ್‌ದು, ಆಮೇಲೆ ಚೆನ್ನಾಗಿ ತೊಳೀಬೇಕು. ಅಲ್ಯೂಮಿನಿಯಂಗೆ ಇವೆರಡೂ ಹಿಡಿಯಲ್ಲ. ಬಾಯಿಗೆ ಇಡೋ ಸಾಮಾನಾದ್ರೆ ಸೀಸ ಇಲ್ಲದ ಸಾಲ್ಡರ್ರು, ಅದಕ್ಕೆ ಕಾವು ಜಾಸ್ತಿ ಬೇಕು. ಪಕ್ಕದಲ್ಲಿ ಬೇರೆ ಬೆಸುಗೆ ಇದ್ಯಾ? ಹಾಗಿದ್ರೆ ಕಡಿಮೆ ಕಾವಿಗೆ ಕರಗೋದೇ ತಗೊಳ್ಳಿ. ಇಲ್ಲಾಂದ್ರೆ ಒಂದನ್ನ ಕಾಯಿಸುವಾಗ..."

"ನಾನು ಸಾಲ್ಡರ್ ಕೊಳ್ಳೋಕೆ ಬಂದಿದ್ದೀನಿ, ಸಂದರ್ಶನಕ್ಕಲ್ಲ!"

ನಾಲ್ಕು ಬಗೆ ತೋರಿಸಿ ನಾಲ್ಕನ್ನೂ ತಲೆಗೆ ಕಟ್ಟುವ ಹುನ್ನಾರ ನನಗೆ ಗೊತ್ತಾಗುವುದಿಲ್ಲವೇ? ಕಾವು ಹೆಚ್ಚು ಬೇಡುವುದೇ ಹೆಚ್ಚು ಗಟ್ಟಿ ಎಂದು ತೀರ್ಮಾನಿಸಿ ಅದನ್ನೇ ಆರಿಸಿದೆ. ಆಸಿಡ್ ಫ್ಲಕ್ಸು, ಟಾರ್ಚು ಹೊತ್ತು ಮನೆಗೆ ಮೆರವಣಿಗೆಯಲ್ಲಿ ಬಂದೆ.

ಹಿತ್ತಲ ಕಟ್ಟೆಯ ಮೇಲೆ ಟಾರ್ಚು ಭುಸ್ಸೆಂದಿತು. ಫ್ಲಕ್ಸು ಚರ್ರೆಂದಿತು. ಸಾಲ್ಡರ್ ನೀರಿನ ಹಾಗೆ ಹರಿದು ಪಟ್ಟಿ ಭದ್ರವಾಗಿ ಕೂತಿತು. "ನೋಡ್ರೀ!" ಎಂದು ಎತ್ತಿ ಹಿಡಿದೆ. ಟಣ್! ಬಾಯಿ ಇಡುವ ಕಡೆಯ ಕೊಳವೆ ನೆಲದ ಮೇಲೆ. ಅದನ್ನು ಬೆಸೆದೆ, ಬೆರಳು ಸಿಕ್ಕಿಸುವ ಕೊಕ್ಕೆ ಬಿತ್ತು. ಕೊಕ್ಕೆ ಬೆಸೆದೆ, ಮೊದಲು ಬೆಸೆದ ಪಟ್ಟಿಯೇ ಮತ್ತೆ ಬಿತ್ತು! ಇಷ್ಟೆಲ್ಲ ಸೇವೆ ಮಾಡಿಸಿಕೊಂಡ ಪಟ್ಟಿಗೆ ಕೊಂಚವಾದರೂ ಉಪಕಾರಸ್ಮರಣೆ ಬೇಡವೇ?

"ಅಂಗಡಿಯವರು ಏನಾದ್ರೂ ಹೇಳಿದ್ರಾ?" ಯಜಮಾನರು ಮೆಲ್ಲಗೆ ಕೇಳಿದರು.

"ಅವರಿಗೇನು, ಹೇಳ್ತಾನೇ ಇರ್ತಾರೆ! ನೀವು ಮಾತು ಬಿಟ್ಟು ಒದ್ದೆ ಬಟ್ಟೆ ತನ್ನಿ."

ಪಕ್ಕದ ಬೆಸುಗೆಗಳು ಕಾಯದಂತೆ ಒದ್ದೆ ಬಟ್ಟೆ ಸುತ್ತಿ, ಜ್ವರ ಬಂದ ಮಗುವನ್ನು ಹಿಡಿದ ಹಾಗೆ ಅವರು ಟ್ರಂಪೆಟ್ ಹಿಡಿದು ಕೂತರು. ಉಳಿದ ಸಾಲ್ಡರನ್ನೆಲ್ಲ ಕಂಡಕಂಡ ಸಂದಿಗೆ ಹರಿಸಿದೆ. ತೊಳೆದು ಒರೆಸಿದಾಗ ಮೆರುಗೆಲ್ಲ ಹೋಗಿ ಮೈತುಂಬ ಕಲೆ. ಆದರೇನು, ಕಲ್ಲಿನಷ್ಟು ಗಟ್ಟಿ!

"ಎಳೆದು ನೋಡಿ ಈಗ!"

ಅವರು ತುದಿಯ ಬಾಗಿದ ಕೊಳವೆಯನ್ನು ಎಳೆದರು. ಮತ್ತೆ ಎಳೆದರು. ಮುಖ ಬಿಳಿಚಿಕೊಂಡಿತು. "ಇದು ಅಲುಗಾಡ್ಬೇಕು ಕಣೇ. ಇದನ್ನ ಹಿಂದೆ ಮುಂದೆ ಸರಿಸಿಯೇ ಬ್ಯಾಂಡಿನ ಶ್ರುತಿಗೆ ಸೇರಿಸೋದು."

"ಮೊದಲೇ ಹೇಳೋಕೆ ಏನಾಗಿತ್ತು ನಿಮಗೆ!" ಎಂದು ರೇಗಿದೆ. ಆದರೆ ಇಸ್ತ್ರಿ ಮಾಡಿಟ್ಟ ಸಮವಸ್ತ್ರವನ್ನು ಅವರು ತೊಡುವಾಗ ನಾನೇ ಹೋಗಿ ಗುಂಡಿ ಹಾಕಿಕೊಟ್ಟೆ. ಎರವಲು ಕೇಳಲೂ ಹೊತ್ತು ಉಳಿದಿರಲಿಲ್ಲ.

ಪಾರ್ಕಿನಲ್ಲಿ ಬ್ಯಾಂಡ್‌ಮಾಸ್ಟರ್ ಕೊಳವೆ ಎಳೆದರು, ತಿರುಚಿದರು, ಮಂಡಿಗೆ ಒತ್ತಿ ಜಗ್ಗಿದರು. ನನ್ನ ಬೆಸುಗೆ ಜಪ್ಪಯ್ಯ ಎನ್ನಲಿಲ್ಲ. ಕೊನೆಗೆ ಬೆವರೊರೆಸಿಕೊಂಡು ಕೂಗಿದರು: "ಎಲ್ರೂ ಇವರ ಟ್ರಂಪೆಟ್ಟಿಗೇ ಶ್ರುತಿ ಮಾಡ್ಕೊಳ್ರಪ್ಪಾ!" ಇಡೀ ಬ್ಯಾಂಡು ಗೊಣಗುತ್ತಾ ತಂತಮ್ಮ ಕೊಳವೆಗಳನ್ನು ಸರಿಸಿಕೊಂಡಿತು. ಯಜಮಾನರು ಮುಂದೆ ಬಂದು ಕಣ್ಣು ಮುಚ್ಚಿ ಊದಿದರು. ಎಷ್ಟು ಚೆನ್ನಾಗಿ ಊದಿದರೆಂದರೆ ನನಗೆ ಅಳುವೇ ಬಂತು. ಚಪ್ಪಾಳೆ ನಿಲ್ಲುವ ಮೊದಲೇ ಅಕ್ಕಪಕ್ಕದವರಿಗೆಲ್ಲ "ಬೆಸುಗೆ ನನ್ನದು!" ಎಂದು ಸಾರಿದೆ.

ಮನೆಯ ದಾರಿಯಲ್ಲಿ ಕೇಳಿಯೇಬಿಟ್ಟೆ: "ನೋಡಿದ್ರಾ? ಇಡೀ ಬ್ಯಾಂಡು ನನ್ನ ಬೆಸುಗೆಗೆ ತಲೆಬಾಗ್ತು!"

"ಹೂಂ ಕಣೇ. 'ಅದಂತೂ ಕದಲಲ್ಲ, ನಾವೇ ಹೊಂದ್ಕೋಬೇಕು, ಸಾಕಾಗಿಹೋಯ್ತು' ಅಂತ ಬ್ಯಾಂಡ್‌ಮಾಸ್ಟರ್ ಒಂದೇ ಸಮ ಗೋಳಾಡ್ತಿದ್ರು. ನಾನಂದೆ, 'ಒಂದು ಸಂಜೆಗೇ ಹೀಗಂದ್ರೆ ಹೇಗೆ ಸಾರ್, ನಾನು ಮದುವೆಯಾದಾಗಿನಿಂದ ಹೊಂದ್ಕೊಂಡು ಬಂದಿಲ್ವಾ?'"