ಎಲ್ಲರೂ ಒಪ್ಪಿದ ಹಲ್ಲು

ಶ್ಯಾಮಲಮ್ಮ ಮಾಡಿದ ಕಡಲೆಮಿಠಾಯಿಯ ಪಾಕ ಒಂದು ಹದ ಮೇಲೆ ಹೋಗಿತ್ತು. ಶನಿವಾರ ಬೆಳಿಗ್ಗೆ ಕಾಂಪೌಂಡಿನ ಆಚೆಯಿಂದ ಅವರು ಚಾಚಿದ ತಟ್ಟೆಯಿಂದ ಒಂದು ತುಂಡು ತೆಗೆದುಕೊಂಡು, ಅವರ ಎದುರಿಗೇ ತಿಂದು, ರುಚಿ ಹೇಳಬೇಕಾದದ್ದು ಪಕ್ಕದ ಮನೆಯ ಪಂಕಜಳ ಕರ್ತವ್ಯ. ಅವಳು ಕಚ್ಚಿದಳು. ಕಟ್ ಎಂದಿತು. ಮಿಠಾಯಿ ಇದ್ದ ಹಾಗೇ ಇತ್ತು.

"ಹೆಂಗಿದೆ?" ಎಂದರು ಶ್ಯಾಮಲಮ್ಮ.

ಪಂಕಜ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಂಗೈ ತೆರೆದು ತೋರಿಸಿದಳು. ಅದರಲ್ಲಿ ಮುಂದಿನ ಹಲ್ಲಿನ ಅರ್ಧ ಇತ್ತು.

"ಶಿವನೇ, ನನ್ನ ಮಿಠಾಯಿಂದ ಹೋದ ಹಲ್ಲು. ನಾನೇ ಮುಂದೆ ನಿಂತು ಹಾಕಿಸಿಕೊಡ್ತೀನಿ ಕಣೇ, ನೀನು ಸುಮ್ನಿರು."

ಪಂಕಜ ಸುಮ್ಮನಿದ್ದಳು. ಅದು ಅವಳಿಗೆ ಕಷ್ಟವಾಗಿರಲಿಲ್ಲ. ಅವಳ ಸೀರೆಗಳನ್ನು ಗೌರಿಬಿದನೂರಿನ ಅತ್ತಿಗೆ, ಗಂಡನ ಅಕ್ಕ ಪ್ರಿಯಂವದಾ ಆರಿಸುತ್ತಿದ್ದಳು. ಚಿಂತಾಮಣಿಯ ಹೈಸ್ಕೂಲಿನ ಗುಮಾಸ್ತೆ ಕೆಲಸವನ್ನು ಅಪ್ಪ ಆರಿಸಿದ್ದರು. ಮನೆಯ ಬಣ್ಣವನ್ನು ಗಂಡ ಕೇಶವನ ಆಫೀಸಿನವರು ಆರಿಸಿದ್ದರು. ಆದರೆ ಈ ಹಲ್ಲನ್ನು ಯಾರೂ ಆರಿಸಿರಲಿಲ್ಲ. ಅದು ತಾನಾಗಿ ಬಂದು, ತುಂಬಿದ ಬಸ್ಸಿನಲ್ಲಿ ಪಕ್ಕದವರ ಮೇಲೆ ಚೂರು ಒರಗಿ ಕುಳಿತವರಂತೆ, ಪಕ್ಕದ ಹಲ್ಲಿನ ಮೇಲೆ ಸೊಟ್ಟಗೆ ಒರಗಿಕೊಂಡು ಇಷ್ಟು ವರ್ಷ ಇತ್ತು. ಏನಾದರೂ ಯೋಚಿಸುವಾಗ ಪಂಕಜಳ ನಾಲಿಗೆ ಆ ಮೂಲೆಗೇ ಹೋಗುತ್ತಿತ್ತು. ಈಗ ಹೋಗಿ, ಮನೆಯ ವಿಳಾಸ ತಪ್ಪಿದ ಹಾಗೆ ತಡವರಿಸಿ ವಾಪಸು ಬಂತು. ಅವಳಿಗೆ ಬೇಕಾದದ್ದು ಅದೇ ಹಲ್ಲು. ಅದರಂಥ ಇನ್ನೊಂದಲ್ಲ, ಅದಕ್ಕಿಂತ ಚೆನ್ನಾಗಿರುವುದೂ ಅಲ್ಲ.

"ಯಾವ ಹಲ್ಲು?" ಎಂದ ಕೇಶವ, ಪೇಪರಿನಿಂದ ತಲೆ ಎತ್ತದೆ.

"ಮುಂದಿಂದು," ಎಂದಳು ಸೆರಗಿನ ಹಿಂದಿನಿಂದಲೇ.

"ಅಕ್ಕನಿಗೆ ಒಂದು ಮಾತು ಕೇಳ್ಬಿಡು."

ಹಲ್ಲಿನ ಡಾಕ್ಟರ್ ಮೇಧಾಳ ಕ್ಲಿನಿಕ್ಕಿನ ಬೆಂಚಿನ ಮೇಲೆ ಅಂಬಾಜಿದುರ್ಗದ ಕಡೆಯ ಟೊಮೆಟೊ ಬೆಳೆಗಾರ ಮುನಿವೆಂಕಟಪ್ಪ ಊದಿದ ಕೆನ್ನೆಯನ್ನು ಒತ್ತಿಕೊಂಡು ಕೂತಿದ್ದರು. ಪಂಕಜಳನ್ನು ಕರೆತಂದಿದ್ದ ಶ್ಯಾಮಲಮ್ಮ ಅವಳ ಹಲ್ಲಿನ ಕತೆಯನ್ನು ಅವರಿಗೆ ಹೇಳಿ ಮುಗಿಸುವಷ್ಟರಲ್ಲಿ, ಒಳಗೆ ಡಾಕ್ಟರು ಇಂಜೆಕ್ಷನ್ ಕೊಟ್ಟು, ಹೊಸದನ್ನು ಮೇಲೆ ತೊಡಿಸಲೆಂದು ಮುರಿದ ಹಲ್ಲನ್ನು ಉಜ್ಜಿ ಸಣ್ಣ ಮೊಳೆಯಂತೆ ಮಾಡಿಯಾಗಿತ್ತು. ಕತೆ ಮುಗಿದ ಮೇಲೆ ಶ್ಯಾಮಲಮ್ಮ ಒಳಗೆ ಬಂದರು. ಹಿಂದೆಯೇ ಮುನಿವೆಂಕಟಪ್ಪನವರೂ ಬಾಗಿಲಿಗೆ ಬಂದು ನಿಂತರು. ಅವರನ್ನು ಯಾರೂ ಕರೆದಿರಲಿಲ್ಲ, ಯಾರೂ ಬೇಡವೆನ್ನಲೂ ಇಲ್ಲ.

"ಮೊದಲಿನ ಹಾಗೆ ಬಾಯಿ ತುಂಬ ಮೆತ್ತಿ ಅಚ್ಚು ತೆಗೆಯೋದಿಲ್ಲ ಪಂಕಜಮ್ಮ," ಎಂದಳು ಡಾಕ್ಟರು. "ಈ ಸ್ಕ್ಯಾನರ್ ಹಲ್ಲಿನ ಮೇಲೆ ಆಡಿಸಿದ್ರೆ ಸಾಕು. ಅಲ್ಲಾಡಬೇಡಿ, ಮಾತಾಡಬೇಡಿ."

ತುದಿಯಲ್ಲಿ ಬೆಳಕಿದ್ದ ದಪ್ಪ ಕಡ್ಡಿಯೊಂದು ಬಾಯೊಳಗೆ ಓಡಾಡತೊಡಗಿತು. ಗೋಡೆಯ ಟೀವಿಯ ಮೇಲೆ, ಗದ್ದೆಯಲ್ಲಿ ನಾಟಿ ಹಾಕುತ್ತಾ ಹೋದಂತೆ, ಹಲ್ಲುಗಳು ಒಂದರ ಪಕ್ಕ ಒಂದು ಬಂದು ನಿಂತವು. ಡಾಕ್ಟರು ಆ ಚಿತ್ರವನ್ನು ಮೇಲೆ ಕೆಳಗೆ, ಒಳಗೆ ಹೊರಗೆ ತಿರುಗಿಸಿದಳು.

"ಯಾವುದು ಎಡ, ಯಾವುದು ಬಲ ಅಂತಾನೇ ಗೊತ್ತಾಗಲ್ಲ ತಾಯಿ," ಎಂದರು ಶ್ಯಾಮಲಮ್ಮ, ತಲೆಯನ್ನೂ ಜೊತೆಗೆ ತಿರುಗಿಸುತ್ತಾ.

"ಹೊಸ ಹಲ್ಲು ಹೀಗೆ ಮಾಡಬಹುದು, ಅಥವಾ ಹೀಗೆ, ಅಥವಾ ಹೀಗೆ," ಎಂದು ಡಾಕ್ಟರು ಮೂರು ಬಗೆ ತೋರಿಸಿದಳು. "ನೋಡ್ತಾ ಇರಿ. ಅಷ್ಟರಲ್ಲಿ ಕೆಳಗಿನ ಸಾಲು ಸ್ಕ್ಯಾನ್ ಮಾಡ್ತೀನಿ."

ಬಾಯಿ ಮತ್ತೆ ತೆರೆಯಿತು, ಕಡ್ಡಿ ಮತ್ತೆ ಒಳಗೆ ಹೋಯಿತು. ಸೀರೆ ಅಂಗಡಿಯ ಜಮಖಾನೆಯ ಮೇಲೆ ಬಿಚ್ಚಿ ಹರಡಿದ್ದನ್ನು ನೋಡುವಂತೆ ಎಲ್ಲರೂ ನೋಡಿದರು.

"ಮೊದಲನೇದು ಮಲ್ಲಿಗೆ ಮೊಗ್ಗಿನ ಥರ ಇದೆ," ಎಂದರು ಶ್ಯಾಮಲಮ್ಮ.

"ಸಣ್ಣದಾಯ್ತಮ್ಮ. ಎರಡನೇದು ಬಾಗುಂದಿ," ಎಂದರು ಬಾಗಿಲಿನಿಂದ ಮುನಿವೆಂಕಟಪ್ಪ. "ಮುಸುಕಿನ ಜೋಳ ಕಡಿಯೋಕೆ ದೊಡ್ಡದೇ ಬೇಕು."

ಶ್ಯಾಮಲಮ್ಮ ಪ್ರಿಯಂವದಾಗೆ ವಿಡಿಯೋ ಕಾಲ್ ಮಾಡಿ ಫೋನನ್ನು ಟೀವಿಯ ಕಡೆ ಹಿಡಿದರು.

"ಮೂರನೇದು," ಎಂದಿತು ಗೌರಿಬಿದನೂರು. "ನೆಟ್ಟಗಿದೆ, ಬೆಳ್ಳಗಿದೆ. ಪಂಕಜ ಏನಂತಾಳೆ?"

ಪಂಕಜ ಬೇಡವೆಂದು ತಲೆಯಾಡಿಸಲು ಹೋದಳು. "ಅಲ್ಲಾಡಬೇಡಿ," ಎಂದಳು ಡಾಕ್ಟರು.

"ಸುಮ್ನಿದಾಳೆ," ಎಂದರು ಶ್ಯಾಮಲಮ್ಮ.

"ಹಂಗಾದ್ರೆ ಒಪ್ಪಿದಾಳೆ ಬಿಡಿ," ಎಂದಿತು ಫೋನು.

ಮೆಟ್ಟಿಲಿಳಿದು ಬೀದಿಗೆ ಬಂದಾಗ ಶ್ಯಾಮಲಮ್ಮ ಸೊಪ್ಪಿನ ಗಾಡಿಯ ಹತ್ತಿರ ನಿಂತರು. ಕನ್ನಡಕ ಬಿಟ್ಟು ಬಂದೆ ಎಂದು ಸನ್ನೆ ಮಾಡಿ ಪಂಕಜ ಮೇಲೆ ಓಡಿದಳು. ಕನ್ನಡಕ ಮೂಗಿನ ಮೇಲೇ ಇತ್ತು. ಮರಗಟ್ಟಿದ ತುಟಿಯಿಂದ ಅವಳು ಹೇಳಿದ್ದು ಬೇರೆ ಯಾರಿಗೂ ತಿಳಿಯುತ್ತಿರಲಿಲ್ಲ. ಮೇಧಾಳಿಗೆ ಅಂಥ ಕನ್ನಡ ಕೇಳಿ ಅಭ್ಯಾಸವಿತ್ತು.

"ಮೊದಲು ಇದ್ದ ಹಾಗೇ ಬೇಕಾ? ಹೋದ ವರ್ಷ ಹುಳುಕು ತುಂಬಿಸೋಕೆ ಬಂದಾಗ ಸ್ಕ್ಯಾನ್ ಮಾಡಿದ್ದೆ. ಇರಿ."

ಟೀವಿಯ ಮೇಲೆ ಆ ಹಲ್ಲು ಇಡಿಯಾಗಿ, ಪಕ್ಕದ್ದರ ಮೇಲೆ ಒರಗಿಕೊಂಡು ಮೂಡಿತು. ಪಂಕಜಳ ಕಣ್ಣು ಒದ್ದೆಯಾಯಿತು. ಹಲ್ಲು ನೋಡಿ ಅಳುವವರೂ ಇದ್ದಾರೆಯೇ ಎಂದು ಅವಳಿಗೇ ನಾಚಿಕೆಯಾಯಿತು.

"ಹೀಗೇ ಮಾಡಿ."

"ಸೊಟ್ಟಗೇನಾ?"

"ಸೊಟ್ಟಗೇ."

"ಮನೇಲಿ ಏನು ಹೇಳ್ತೀರಿ?"

ಪಂಕಜ ಯೋಚಿಸಿದಳು. "ಏನೂ ಹೇಳಲ್ಲ."

ಸಂಜೆ ಶ್ಯಾಮಲಮ್ಮ ಭಜನೆಗೆ ಹೋಗುವುದನ್ನೇ ಕಾದು ಪಂಕಜ ಒಬ್ಬಳೇ ಕ್ಲಿನಿಕ್ಕಿಗೆ ನಡೆದಳು. ಹಿಂದಿನ ಕೋಣೆಯ ಯಂತ್ರ ಅಷ್ಟರಲ್ಲಿ ಹಲ್ಲನ್ನು ಕೆತ್ತಿ ಮುಗಿಸಿತ್ತು. ಕೂರಿಸಿದ ಮೇಲೆ ನಾಲಿಗೆ ಮೆಲ್ಲಗೆ ಆ ಮೂಲೆಗೆ ಹೋಗಿ, ಅಲ್ಲಿಯೇ ನಿಂತಿತು. ಮಾರ್ಕೆಟ್ಟಿನ ಕಡೆ ಹೋಗುತ್ತಿದ್ದ ಟೊಮೆಟೊ ಲಾರಿಗಳಿಗೆ ದಾರಿ ಬಿಡುತ್ತಾ, ಗುರುತಿದ್ದವರಿಗೂ ಇಲ್ಲದವರಿಗೂ ನಗುತ್ತಾ ಅವಳು ಮನೆಗೆ ಬಂದಳು. ಯಾರಾದರೂ ಕೇಳಿದರೆ ಜಗಳವಾಗುತ್ತದೆ. ಆಗಲಿ. ಒಂದು ಜಗಳಕ್ಕೆ ಅವಳು ತಯಾರಾಗಿಯೇ ಇದ್ದಳು. ಹಾಗೆ ತಯಾರಾದದ್ದು ಹೊಸ ಸೀರೆ ಉಟ್ಟಷ್ಟೇ ಹಿತವಾಗಿತ್ತು.

ಭಜನೆ ಬೇಗ ಮುಗಿದಿತ್ತು. ಹಾಲಿನಲ್ಲಿ ಕೇಶವನೂ ಶ್ಯಾಮಲಮ್ಮನೂ ಕೂತಿದ್ದರು. ನೀರಿನ ಚೊಂಬಿಗೆ ಒರಗಿಸಿಟ್ಟ ಫೋನಿನೊಳಗೆ ಪ್ರಿಯಂವದಾ ಇದ್ದಳು.

"ಎಲ್ಲಿ, ತೋರಿಸು."

ಪಂಕಜ ಸೆರಗು ಸರಿಸಿ, ಉಸಿರೆಳೆದುಕೊಂಡು, ಬಾಯಿ ತೆರೆದಳು.

ಫೋನಿನೊಳಗಿನದೂ ಸೇರಿ ಮೂರು ಮುಖಗಳು ಹತ್ತಿರ ಬಂದವು.

"ನೋಡ್ರಪ್ಪ," ಎಂದರು ಶ್ಯಾಮಲಮ್ಮ. "ಹೊಸ ಹಲ್ಲು ಎಷ್ಟು ನೆಟ್ಟಗೆ ಕೂತಿದೆ." ಅವರ ಬೆರಳು ತೋರಿಸಿದ್ದು ಪಕ್ಕದ ಹಲ್ಲನ್ನು. ಅದು ಪಂಕಜ ಎರಡನೇ ಕ್ಲಾಸಿನಲ್ಲಿದ್ದಾಗ ಹುಟ್ಟಿದ್ದು.

ಕೇಶವ ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿದ. "ಹೌದು, ಅದೇ ಹೊಸದು. ಈ ಸೊಟ್ಟದ್ದು ಹಳೇದು. ಮದುವೆ ದಿನದಿಂದ ನೋಡ್ತಿದೀನಿ, ನಂಗೊತ್ತಿಲ್ವಾ."

ಇಷ್ಟು ವರ್ಷ ಈತ ಅದನ್ನು ನೋಡಿದ್ದನೆಂಬುದೇ ಪಂಕಜಳಿಗೆ ತಿಳಿದಿರಲಿಲ್ಲ. ಸಂತೋಷಪಡಲು ಇದು ಸರಿಯಾದ ಸಮಯವೇ ಎಂದು ಅವಳು ಯೋಚಿಸುತ್ತಿರುವಾಗ ಫೋನು ಮಾತಾಡಿತು.

"ನಾನು ಆರಿಸಿದ್ದಲ್ವಾ, ಮುತ್ತಿನ ಹಾಗಿದೆ. ಆದ್ರೆ ಪಕ್ಕದ ಆ ಸೊಟ್ಟ ಹಲ್ಲು ಅದರ ಅಂದಾನೇ ಕೆಡಿಸ್ತಾ ಇದೆ ಕಣೋ ಕೇಶವ. ಅದನ್ನೂ ಉಜ್ಜಿಸಿ ಇಂಥದ್ದೇ ಹಾಕಿಸಿಬಿಡು."

"ಅತ್ತಿಗೆ, ಅದು..." ಎಂದಳು ಪಂಕಜ.

"ನೀನು ಮಾತಾಡಬೇಡ, ಇವತ್ತು ತಾನೇ ಕೂರಿಸಿದಾರೆ," ಎನ್ನುತ್ತಾ ಶ್ಯಾಮಲಮ್ಮ ಆಗಲೇ ಡಾಕ್ಟರಿಗೆ ಫೋನ್ ಹಚ್ಚಿ, ಎಲ್ಲರಿಗೂ ಕೇಳುವಂತೆ ಜೋರು ಮಾಡಿದ್ದರು. "ಡಾಕ್ಟ್ರಮ್ಮ, ಹೊಸದು ಭಾಳ ಚೆನ್ನಾಗಿದೆ. ಪಕ್ಕದ ಸೊಟ್ಟದ್ದಕ್ಕೂ ಹಂಗೇ ಒಂದು ಹಾಕಬೇಕಲ್ಲ, ಸೋಮವಾರ ಬರಬಹುದಾ?"

ಆ ಕಡೆ ಏನೋ ಟ್ರೇಯೊಳಗೆ ಬಿದ್ದ ಸದ್ದಾಯಿತು. ತಮ್ಮ ಮಾತು ಕೇಳಿಸಿತೋ ಇಲ್ಲವೋ ಎಂದು ಶ್ಯಾಮಲಮ್ಮ ಫೋನನ್ನು ಅಲುಗಿಸಿದರು.

"ಪಂಕಜಮ್ಮ ಒಪ್ಪಿದಾರಾ?" ಎಂದಳು ಡಾಕ್ಟರು.

"ಅವಳದ್ದೇನಿದೆ ಡಾಕ್ಟ್ರೇ," ಎಂದ ಕೇಶವ ಬಹಳ ಪ್ರೀತಿಯಿಂದ. "ನಾವೆಲ್ಲ ಒಪ್ಪಿದೀವಿ. ಈ ಸಲ ರಜಾ ಹಾಕಿ ನಾನೇ ಕರ್ಕೊಂಡು ಬರ್ತೀನಿ."